ಹೆಸರು ಅಚ್ಚು ಹಾಕಿಸುವ ಮುಂಚೆ ಒಳಗಿನ ಹಾಳೆ ಕೇಳಿ

ಹೆಸರು ಅಚ್ಚು ಹಾಕಿಸಿ ಕೊಡುವ ಗಿಫ್ಟ್ ಸೆಟ್‌ಗಳು ಗೊತ್ತಲ್ಲ? ಒಂದು ನೋಟ್‌ಬುಕ್, ಒಂದು ಪೆನ್, ನಾಲ್ಕಾರು ಕಾರ್ಡು, ಲಕೋಟೆ, ಎಲ್ಲವನ್ನೂ ಗಟ್ಟಿ ಡಬ್ಬಿಯೊಂದರಲ್ಲಿ ಜೋಡಿಸಿ ರಿಬ್ಬನ್ ಕಟ್ಟಿ ಕಳಿಸುವಂಥವು. ಯಾರಿಗಾದರೂ ಕೊಡೋಣವೆಂದು ಆನ್‌ಲೈನಿನಲ್ಲಿ ಅಂಥದ್ದೊಂದನ್ನು ನೋಡುತ್ತಿದ್ದರೆ, ಆರ್ಡರ್ ಒತ್ತುವ ಮುಂಚೆ ಇದನ್ನು ಓದಿ.

ನಾನು ತರಿಸಿದ್ದು ಅಕ್ಕನಿಗೆ. ಅವಳು ದಿನವೂ ಬರೆಯುವವಳು, ಅದೂ ಫೌಂಟನ್ ಪೆನ್ನಿನಲ್ಲಿ. ಮಾರುವವರ ವಿವರಣೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ: 120 ಜಿಎಸ್‌ಎಂ ಪ್ರೀಮಿಯಂ ಹಾಳೆ, ಎ5 ಅಳತೆ, 200 ಪುಟ, ವೀಗನ್ ಲೆದರ್ ರಟ್ಟು, ಪರಿಸರಸ್ನೇಹಿ, ಬಂಗಾರದ ಬಣ್ಣದಲ್ಲಿ ಹೆಸರು. ಬಂದ ಡಬ್ಬಿಯೂ ಸೊಗಸಾಗಿಯೇ ಇತ್ತು. ವಿನ್ಯಾಸ ಮಾಡಿದವರಿಗೆ ಕಣ್ಣಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಬಣ್ಣಗಳ ಹೊಂದಿಕೆ, ಅಕ್ಷರದ ಆಯ್ಕೆ, ಮುಚ್ಚಳ ಕೂರುವಾಗ ಮ್ಯಾಗ್ನೆಟ್ ಮಾಡುವ ಟಕ್ ಸದ್ದು, ಎಲ್ಲ ಲೆಕ್ಕ ಹಾಕಿ ಮಾಡಿದ್ದು. ಲೆಕ್ಕಕ್ಕೆ ತಗೊಳ್ಳದೇ ಬಿಟ್ಟದ್ದು ಅದರಲ್ಲಿ ಯಾರೋ ಬರೆಯುತ್ತಾರೆ ಅನ್ನುವುದೊಂದನ್ನೇ.

ಅಕ್ಕ ಮೊದಲ ಸಾಲು ಬರೆದಾಗಲೇ ಬಣ್ಣ ಬಯಲಾಯಿತು. ಶಾಯಿ ಬಿದ್ದಲ್ಲಿ ನಿಲ್ಲಲಿಲ್ಲ. ಪ್ರತಿ ಅಕ್ಷರದ ಅಂಚಿನಿಂದಲೂ ಸಣ್ಣ ಸಣ್ಣ ಬೇರು ಬಿಟ್ಟ ಹಾಗೆ ಹರಡಿತು. 'ಠ'ದ ಚುಕ್ಕೆ ಸುತ್ತಿನಲ್ಲಿ ಕರಗಿಹೋಯಿತು, ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡವು. ಪುಟ ತಿರುಗಿಸಿದರೆ ಹಿಂಬದಿಯಲ್ಲಿ ಚುಕ್ಕೆ ಚುಕ್ಕೆ, ಒಂದೆರಡು ಕಡೆ ಅದರಡಿಯ ಹಾಳೆಗೂ ಕಲೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮಾರುವವರು ಹೆಚ್ಚು ಕಣ್ಕಟ್ಟು ಮಾಡುವುದು ಇದರಲ್ಲೇ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಸಂಖ್ಯೆ, ಅಷ್ಟೇ. ಶಾಯಿ ಹರಡುತ್ತದೋ ಇಲ್ಲವೋ ಎನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಸೈಜಿಂಗ್, ಅಂದರೆ ಕಾಗದದ ನಾರು ನೀರನ್ನು ಗಬಕ್ಕನೆ ಹೀರದಂತೆ ತಯಾರಿಕೆಯಲ್ಲೇ ಕೊಡುವ ಉಪಚಾರ. ಜಪಾನಿನ ಟೊಮೊಯೆ ರಿವರ್ ಹಾಳೆ 52 ಜಿಎಸ್‌ಎಂನದು, ಈರುಳ್ಳಿ ಸಿಪ್ಪೆಯಷ್ಟು ತೆಳು. ಆದರೂ ಫೌಂಟನ್ ಪೆನ್ನಿನವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಬರೆದದ್ದರ ನೆರಳು ಹಿಂಬದಿಗೆ ಕಾಣುತ್ತದೆ ನಿಜ, ಶಾಯಿ ಮಾತ್ರ ಇಳಿಯುವುದಿಲ್ಲ. ಸೈಜಿಂಗ್ ಸರಿಯಿಲ್ಲದ ಹಾಳೆ ಎಷ್ಟೇ ದಪ್ಪವಿದ್ದರೂ ಶಾಯಿ ಹೀರುವ ಒತ್ತುಕಾಗದದ ಕೆಲಸ ಮಾಡುತ್ತದೆ.

ಹೋಗಲಿ, ಆ 120 ಆದರೂ ನಿಜವೇ? ಅಡುಗೆಮನೆಯ ತಕ್ಕಡಿ ಇದ್ದರೆ ನೀವೇ ನೋಡಬಹುದು. ಎ0 ಹಾಳೆ ಒಂದು ಚದರ ಮೀಟರ್. ಎ5 ಅದರ 32ರಲ್ಲಿ ಒಂದು ಪಾಲು. 120 ಜಿಎಸ್‌ಎಂ ಆದರೆ ಒಂದು ಎ5 ಹಾಳೆ 3.75 ಗ್ರಾಂ ತೂಗಬೇಕು. 200 ಪುಟ ಎಂದರೆ 100 ಹಾಳೆ, ಅಲ್ಲಿಗೆ ಬರೀ ಕಾಗದವೇ 375 ಗ್ರಾಂ. ನಮ್ಮ ಪುಸ್ತಕ ರಟ್ಟು, ಎಲಾಸ್ಟಿಕ್, ರಿಬ್ಬನ್ ಎಲ್ಲ ಸೇರಿ 338 ಗ್ರಾಂ! ಹಾಳೆ ಎಣಿಸಿದೆವು, ಸರಿಯಾಗಿ 100 ಇತ್ತು. ಅಳತೆಯೂ 148ಕ್ಕೆ 210 ಮಿಲಿಮೀಟರ್, ಸರಿಯಾಗಿಯೇ ಇತ್ತು. ಸುಳ್ಳು ಹೇಳಿದ್ದು 120 ಒಂದೇ. ಇದನ್ನು ಬರೆದು ಕಳಿಸಿದ್ದಕ್ಕೆ ಬಂದ ಉತ್ತರ, "ಅದು ಅಂದಾಜು ಸಂಖ್ಯೆ." ಅಂದಾಜು ಯಾವಾಗಲೂ ಅವರ ಕಡೆಗೇ ವಾಲುತ್ತದೆ, ಅದೊಂದು ವಿಚಿತ್ರ.

ಬೈಂಡಿಂಗ್ ಕಥೆ ಬೇರೆ. ಬೆನ್ನಿನ ಮೇಲ್ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಬಟ್ಟೆಯಂಚು ಕಾಣುತ್ತಿತ್ತು, ಹೊಲಿದ ಪುಸ್ತಕ ಎಂದೇ ಎಲ್ಲರೂ ಅಂದುಕೊಳ್ಳುವ ಹಾಗೆ. ಈಗ ಬರುವ ಹೆಚ್ಚಿನ ಪುಸ್ತಕಗಳಲ್ಲಿ ಆ ಪಟ್ಟಿ ಬರೀ ಅಲಂಕಾರ, ರೆಡಿಮೇಡ್ ತುಂಡು ಕತ್ತರಿಸಿ ಅಂಟಿಸಿರುತ್ತಾರೆ. ನಮ್ಮದರಲ್ಲಿ ದಾರದ ಸುಳಿವೇ ಇರಲಿಲ್ಲ, ಬಿಡಿ ಹಾಳೆಗಳನ್ನು ಅಂಟು ಹಾಕಿ ಕೂರಿಸಿದ್ದರು. ಜತೆಗೆ ಕಾಗದದ ನಾರಿನ ದಿಕ್ಕು ಬೆನ್ನಿಗೆ ಅಡ್ಡವಾಗಿತ್ತು. ನಾರು ಬೆನ್ನಿಗೆ ಸಮಾನಾಂತರವಾಗಿದ್ದರೆ ಹಾಳೆ ಸಲೀಸಾಗಿ ಮಗುಚಿ ಮಲಗುತ್ತದೆ. ಅಡ್ಡವಾಗಿದ್ದರೆ ತೆರೆದ ಪುಟ ಸೆಟೆದು ಮೇಲೇಳುತ್ತದೆ. ಏಳುವ ಪುಟವನ್ನು ಅಂಗೈಯಿಂದ ಒತ್ತಿ ಬರೆಯಬೇಕು, ಒತ್ತಿದರೆ ಅಂಟು ಬಿರಿಯುತ್ತದೆ. ನಡುವಿನ ಹಾಳೆಗಳು ಒಂದೊಂದಾಗಿ ಕೈಗೆ ಬಂದವು. ವೀಗನ್ ಲೆದರ್ ಎಂದದ್ದು ಬಟ್ಟೆಯ ಮೇಲೆ ಬಳಿದ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್. ಗಾಳಿಯ ತೇವಕ್ಕೇ ಅದು ನಿಧಾನವಾಗಿ ಕೊಳೆಯುತ್ತದೆ. ಮುಟ್ಟದೆ ಕಪಾಟಿನಲ್ಲಿಟ್ಟರೂ ಕೆಲವು ವರ್ಷಕ್ಕೆ ಚಕ್ಕೆ ಏಳುವುದುಂಟು. ಇದು ಅಷ್ಟೂ ಕಾಯಲಿಲ್ಲ, ಎಲಾಸ್ಟಿಕ್ ಉಜ್ಜುವ ಅಂಚಿನಲ್ಲಿ ಆಗಲೇ ಸಿಪ್ಪೆ ಬಿಟ್ಟಿತ್ತು.

ಪೆನ್ನು ಮಾತ್ರ ಇದೆಲ್ಲವನ್ನೂ ಮೀರಿಸಿತು. ಹಾಳೆ ಫೌಂಟನ್ ಪೆನ್ನಿಗೆ ಒಗ್ಗಲಿಲ್ಲವಲ್ಲ, ಸೆಟ್ಟಿನ ಜೆಲ್ ಪೆನ್ನಿನಲ್ಲೇ ಬರೆಯುತ್ತೇನೆ ಎಂದಳು ಅಕ್ಕ. ಮನೆ ಕೆಲಸಕ್ಕೆ ಬೇಕಾದ ಅಳತೆಗಳು, ಫೋನ್ ನಂಬರುಗಳು, ಯಾರಿಗೆ ಎಷ್ಟು ಕೊಟ್ಟದ್ದು ಎಂಬ ಲೆಕ್ಕ ಎಲ್ಲ ಬರೆದಿಟ್ಟಳು. ಒಂದು ಮಧ್ಯಾಹ್ನ ಪುಸ್ತಕ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಉಳಿಯಿತು. ಸಂಜೆ ತೆರೆದರೆ ಪುಟಗಳು ಖಾಲಿ! ನಿಬ್ಬಿನ ಗೀರು ಓರೆ ಬೆಳಕಿನಲ್ಲಿ ಕಾಣುತ್ತಿತ್ತು, ಶಾಯಿ ಇರಲಿಲ್ಲ. ಅದು ಶಾಖಕ್ಕೆ ಮಾಯವಾಗುವ, ಉಜ್ಜಿ ಅಳಿಸುವ ಶಾಯಿ. ಪೈಲಟ್ ಕಂಪನಿಯ ಫ್ರಿಕ್ಷನ್ ಪೆನ್ನುಗಳಿಂದ ಹೆಸರಾದ ತಂತ್ರ ಇದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬಣ್ಣ ಹೋಗುತ್ತದೆ. ಪೈಲಟ್‌ನವರಾದರೂ ಸಹಿಗೆ, ದಾಖಲೆಗೆ ಬಳಸಬೇಡಿ ಎಂದು ಮುಂಚೆಯೇ ಎಚ್ಚರಿಸುತ್ತಾರೆ. ಈ ಸೆಟ್ಟಿನ ಪೆನ್ನಿನ ಮೇಲಾಗಲಿ ಡಬ್ಬಿಯ ಮೇಲಾಗಲಿ ಒಂದು ಅಕ್ಷರವೂ ಇರಲಿಲ್ಲ. ಪುಸ್ತಕವನ್ನು ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟ ಮೇಲೆ ಬರಹ ಮಸುಕಾಗಿ ಮರಳಿತು, ಜತೆಗೆ ಅವಳು ಬೇಡವೆಂದು ಉಜ್ಜಿ ಅಳಿಸಿದ್ದ ಸಾಲುಗಳೂ ಎದ್ದು ಬಂದವು. ಯಾವ ಲೆಕ್ಕ ತೀರಿದ್ದು, ಯಾವುದು ಬಾಕಿ ಎಂದು ಮತ್ತೆ ಒಬ್ಬೊಬ್ಬರನ್ನೇ ಕೇಳಬೇಕಾಯಿತು.

ಕಾರ್ಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಬದಿಗೂ ಹೊಳಪಿನ ಲ್ಯಾಮಿನೇಷನ್ ಮಾಡಿದ್ದರು, ಬರೆದದ್ದು ಒಣಗದೆ ಬೆರಳಿಗೇ ಬರುತ್ತಿತ್ತು.

ಹಿಂತಿರುಗಿಸೋಣ ಎಂದರೆ ಅಸಲಿ ಗಂಟು ಅಲ್ಲಿತ್ತು. ಹೆಸರು ಹಾಕಿಸಿದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಫೋಟೋ ಕಳಿಸಿದೆ, ತಕ್ಕಡಿಯ ವಿಡಿಯೋ ಕಳಿಸಿದೆ. ಮುದ್ರಣದಲ್ಲಿ ಕಾಗುಣಿತ ತಪ್ಪಿದ್ದರೆ ಮಾತ್ರ ಪರಿಗಣಿಸುತ್ತೇವೆ ಎಂದರು. ಕೊನೆಗೆ ಅವರು ಕೊಟ್ಟದ್ದು ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ನು. ಉಚಿತವಾಗಿ ಹೆಸರು ಹಾಕಿಕೊಡುತ್ತೇವೆ ಎನ್ನುವ ಔದಾರ್ಯ ಎಲ್ಲಿಂದ ಬರುತ್ತದೆ ಎಂದು ಆಗ ಅರ್ಥವಾಯಿತು: ಹೆಸರು ಬಿದ್ದ ಕ್ಷಣಕ್ಕೆ ನಿಮ್ಮ ಕೈ ಕಟ್ಟಿತು. ಆಮೇಲೆ ಗ್ರಾಹಕರ ಅಭಿಪ್ರಾಯಗಳನ್ನು ಕೂತು ಓದಿದೆ. ಐದು ನಕ್ಷತ್ರ ಕೊಟ್ಟವರೆಲ್ಲ ಹಾಕಿದ ಫೋಟೋ ಡಬ್ಬಿಯದು, ರಿಬ್ಬನ್ನಿನದು. ಬರೆದ ಪುಟದ ಫೋಟೋ ಒಂದೂ ಇಲ್ಲ. ಉಡುಗೊರೆ ಕೊಟ್ಟವರು ಅಭಿಪ್ರಾಯ ಬರೆಯುತ್ತಾರೆ, ಬಳಸುವವರು ಬೇರೆಯವರು. ಈ ವ್ಯಾಪಾರ ನಡೆಯುವುದೇ ಆ ಸಂದಿಯಲ್ಲಿ.

ಆದ್ದರಿಂದ ಹೆಸರಿಲ್ಲದ ಒಂದು ಪ್ರತಿಯನ್ನು ಮೊದಲು ತರಿಸಿ. ಕೊಡುವುದಿಲ್ಲ ಎಂದರೆ ಎರಡು ಫೋಟೋ ಕೇಳಿ: ಶಾಯಿ ಪೆನ್ನಿನಲ್ಲಿ ಬರೆದ ಪುಟದ ಹಿಂಬದಿಯದು ಒಂದು, ಪುಸ್ತಕವನ್ನು ನಡುವೆ ಪೂರ್ತಿ ಬಿಡಿಸಿಟ್ಟು ತೆಗೆದದ್ದು ಇನ್ನೊಂದು. ಹೊಲಿಗೆಯ ಪುಸ್ತಕವಾದರೆ ಹಾಳೆಗಳ ಮಡಿಕೆಯ ನಡುವೆ ದಾರ ಕಂಡೇ ಕಾಣುತ್ತದೆ. ಒಟ್ಟು ತೂಕ ಕೇಳಿ, ಮೇಲಿನ ಗುಣಾಕಾರ ನೀವೇ ಮಾಡಿ. ಪರಿಸರಸ್ನೇಹಿ ಎಂದು ಹಸಿರು ಎಲೆಯ ಚಿತ್ರ ಯಾರು ಬೇಕಾದರೂ ಹಾಕಬಹುದು. ಕಾಡನ್ನು ಹಾಳುಗೆಡವದೆ ತಂದ ಮರದ ಕಾಗದಕ್ಕೆ ಪ್ರಮಾಣಪತ್ರ ಕೊಡುವ ಎಫ್‌ಎಸ್‌ಸಿ ಸಂಸ್ಥೆಯ ಗುರುತಾದರೆ ಅದರ ಜತೆ ಪರವಾನಗಿ ಸಂಖ್ಯೆ ಇರುತ್ತದೆ, ಆ ಸಂಸ್ಥೆಯ ಜಾಲತಾಣದಲ್ಲಿ ಅದು ಯಾರದೆಂದು ಹುಡುಕಬಹುದು. ಬಹುಕಾಲ ಉಳಿಯಬೇಕಾದ ಬರಹಕ್ಕೆ ಆಮ್ಲರಹಿತ ಹಾಳೆ ಬೇಕು; ಶಾಶ್ವತ ಕಾಗದದ ಮಾನದಂಡ ಐಎಸ್‌ಒ 9706. ಪೆನ್ನಿನ ಮಟ್ಟಿಗೆ, ದಾಖಲೆಗೆ ಆಗುವ ಜೆಲ್ ಶಾಯಿಗೆ ಐಎಸ್‌ಒ 27668-2, ಬಾಲ್‌ಪಾಯಿಂಟಿಗೆ 12757-2 ಎಂದು ನಮೂದಿಸಿರುತ್ತಾರೆ. ಸೆಟ್ಟಿನಲ್ಲಿ ಬಂದ ಹೆಸರಿಲ್ಲದ ಪೆನ್ನಿನಲ್ಲಿ ಚೆಕ್ಕಿಗಂತೂ ಸಹಿ ಹಾಕಬೇಡಿ. ಒಂದು ಗೀರು ಎಳೆದು ಇಸ್ತ್ರಿ ಪೆಟ್ಟಿಗೆ ಒತ್ತಿ ನೋಡಿ, ಅಲ್ಲೇ ತಿಳಿಯುತ್ತದೆ.

ಅದೇ ಸೆಟ್ ಈಗ ಹೊಸ ಬಣ್ಣದಲ್ಲಿ ಮಾರಾಟಕ್ಕಿದೆ. ವಿವರಣೆಯಲ್ಲಿ 120 ಜಿಎಸ್‌ಎಂ ಹಾಗೆಯೇ ಇದೆ. ತೂಕದ ಸಾಲನ್ನು ಮಾತ್ರ ತೆಗೆದಿದ್ದಾರೆ.