ಫ್ಯಾಮಿಲಿಸರ್ಚ್‌ನಲ್ಲಿ ಸಿಂಗ್ ತಾತ ಸಿಕ್ಕಿದ್ದು

ಅಮೆರಿಕದ ಸ್ಯಾಕ್ರಮೆಂಟೊದಲ್ಲಿರುವ ಮಗಳ ಮನೆಗೆ ಬಂದು ಮೂರು ತಿಂಗಳಾಯಿತು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರಿದ್ದಾರೆ. ಮನೆಮಾತು ಸ್ಪ್ಯಾನಿಷ್. ಆದರೆ ಅವರ ತಾಯಿಯ ತಂದೆ ಪಂಜಾಬಿನ ಸಿಂಗ್. ನಾನು ಇಂಡಿಯಾದವಳು ಅಂತ ಗೊತ್ತಾದದ್ದೇ ತಡ, ತಾತನ ವಿವರ ಹುಡುಕಿಕೊಡಿ ಅಂತ ಗಂಟುಬಿದ್ದರು. ಪಂಜಾಬಿಗೂ ನಮ್ಮ ಭದ್ರಾವತಿಗೂ ಎಷ್ಟು ದೂರ ಅಂತ ಅವರಿಗೇನು ಗೊತ್ತು!

ಮೊದಲು, ದುಡ್ಡು ಕಟ್ಟಿ ಹಿರಿಯರ ಹಳೆಯ ದಾಖಲೆ ಹುಡುಕುವ ಒಂದು ಸೈಟಿಗೆ ಸೇರಿದೆ. ಶುರುವಿನ ಕೆಲವು ದಿನ ಪುಕ್ಕಟೆ ಅಂದಿದ್ದರು. ನಿಲ್ಲಿಸೋದು ಮರೆತೆ, ಅಳಿಯನ ಕಾರ್ಡಿನಿಂದ ದುಡ್ಡು ಹೋಯಿತು. ಅದರ ಹೆಸರು ಬೇಡ ಬಿಡಿ.

ಆಮೇಲೆ ಫ್ಯಾಮಿಲಿಸರ್ಚ್‌ಗೆ ಬಂದೆ. ಇದೂ ಅಂಥದ್ದೇ ಸೈಟು, ಅಮೆರಿಕದ ಮಾರ್ಮನ್ ಅನ್ನುವ ಪಂಥದ ಚರ್ಚಿನವರು ನಡೆಸುವುದು. ಖಾತೆ ತೆರೆದರೆ ಸಾಕು, ಪೂರ್ತಿ ಉಚಿತ. ಅಮೆರಿಕದ ಜನಗಣತಿ ಹಾಳೆಗಳು 1950ರವರೆಗೆ ಸಿಗುತ್ತವೆ. ಸರ್ಕಾರ 72 ವರ್ಷ ಮುಚ್ಚಿಟ್ಟು ಆಮೇಲೆ ಬಿಡುತ್ತದೆ, ಹಾಗಾಗಿ 1960ರದ್ದು ಬರುವುದು 2032ಕ್ಕೆ. ನಮ್ಮಲ್ಲಾದರೆ 1948ರ ಜನಗಣತಿ ಕಾಯ್ದೆಯಂತೆ ಮನೆಮನೆಯ ಹಾಳೆ ಯಾರಿಗೂ ತೋರಿಸುವುದಿಲ್ಲ.

ಬರೀ ಸಿಂಗ್ ಅಂತ ಹುಡುಕಿದಿರೋ, ಕೆಟ್ಟಿರಿ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಹೊಲಗಳಲ್ಲಿ ಆಗ ಸಿಂಗ್‌ಗಳೇ ಸಿಂಗ್‌ಗಳು. ಅದೂ ಗಣತಿಯವನ ಕಿವಿಗೆ ಬಿದ್ದಂತೆ ಬರೆದ ಹೆಸರು. ನನ್ನ ಎರಡು ಸಂಜೆ ಸುಮ್ನೆ ಹಾಳಾಯಿತು. ಮೂರನೆಯ ಸಂಜೆ ತಾತನನ್ನು ಬಿಟ್ಟು ಅಜ್ಜಿಯ ಸ್ಪ್ಯಾನಿಷ್ ಹೆಸರು, ಮಕ್ಕಳ ಹೆಸರು, ಕೌಂಟಿ (ನಮ್ಮ ಜಿಲ್ಲೆ ಇದ್ದಹಾಗೆ) ಹಾಕಿದೆ. ಇಡೀ ಸಂಸಾರ ಸಿಕ್ಕಿತು.

ಪಟ್ಟಿಯಲ್ಲಿ ಬಂದ ಹೆಸರು ನೋಡಿ ನಿಲ್ಲಬೇಡಿ, ಮೂಲ ಹಾಳೆಯ ಚಿತ್ರ ತೆರೆಯಿರಿ. ರುಚಿ ಇರುವುದೇ ಅಲ್ಲಿ. (ಫೋನಿನಲ್ಲಿ ಆಗದ ಕೆಲಸ. ಹಾಳೆ ಅಗಲ, ಅಕ್ಷರ ಸಾಸಿವೆ ಕಾಳು.) 1930ರಲ್ಲಿ ತಾತನ ಜನಾಂಗದ ಕಾಲಮ್ಮಿನಲ್ಲಿ ‘ಹಿಂದೂ’. ಸಿಖ್ಖರಿರಲಿ, ಮುಸ್ಲಿಮರಿರಲಿ, ಇಂಡಿಯಾದಿಂದ ಹೋದವರೆಲ್ಲ ಅಲ್ಲಿ ಹಿಂದೂಗಳೇ. ಅಜ್ಜಿ ‘ಮೆಕ್ಸಿಕನ್’. 1940ರಲ್ಲಿ ಅದೇ ಅಜ್ಜಿ ‘ಬಿಳಿ’! ಅಜ್ಜಿ ಬದಲಾಗಿರಲಿಲ್ಲ, ಗಣತಿಯ ನಿಯಮ ಬದಲಾಗಿತ್ತು. ಪೌರತ್ವದ ಕಡೆ ನೋಡಿದರೆ ಎರಡು ಸಲವೂ ತಾತ ಪರದೇಶಿಯೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿಯ ಪೌರತ್ವದ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂಡಿಯಾದವರು ಪೌರರಾಗುವಂತಿಲ್ಲ ಅಂದಿತ್ತು. ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆ ಬಂದಮೇಲೆ. 1950ರ ಹಾಳೆಯಲ್ಲಿ, ಪೌರತ್ವ ಸಿಕ್ಕಿದೆಯೇ ಅನ್ನುವ ಪ್ರಶ್ನೆಗೆ ‘ಹೌದು’ ಅಂತಿದೆ. ಪಕ್ಕದ ಮನೆಯವರು ಅದೊಂದು ಪದದ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತರು.

ಈ ಸೈಟಿಗೆ ಐದಕ್ಕೆ ಐದು ಕೊಡುತ್ತೇನೆ. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಇನ್ನೊಂದು. 1940ರ ಹಾಳೆಯಲ್ಲಿ ಮಾಹಿತಿ ಕೊಟ್ಟವರ ಹೆಸರಿನ ಪಕ್ಕ ಸೊನ್ನೆಯೊಳಗೆ ಇಂಟು ಗುರುತು ಇರುತ್ತದೆ. ಇಲ್ಲಿ ಅದು ಅಜ್ಜಿಯ ಮುಂದಿದೆ. ಹತ್ತು ವರ್ಷದಲ್ಲಿ ತಾತನಿಗೆ ಹತ್ತು ವರ್ಷ ಏರಿದೆ. ಅಜ್ಜಿಗೆ ಬರೀ ಆರು!