ಕ್ವಾಂಟಂ ಶಿಬಿರಕ್ಕೆ ಹೋಗೋರು ಒಂದು ಒದ್ದೆ ಕರ್ಚೀಫು ತಗೊಂಡು ಹೋಗಿ

ಕ್ವಾಂಟಂ ಫಿಸಿಕ್ಸೂ ವೇದಾಂತವೂ ಒಂದೇ, ಅದರಿಂದಲೇ ಮೋಕ್ಷ ಅನ್ನೋ ಒಂದು ಶಿಬಿರಕ್ಕೆ 18,500 ರೂಪಾಯಿ ಹೋಯ್ತು. ಅದಕ್ಕಿಂತ ಹೊಟ್ಟೆ ಉರಿಯೋದು ಏನಂದ್ರೆ, ಫಿಸಿಕ್ಸ್ ಪಾಠ ಮಾಡೋ ನಾನೇ ಹೋಗಿ ಕೂತಿದ್ದು. ನಾಚಿಕೆ ಬಿಟ್ಟು ಬರೀತಿದೀನಿ.

ಇಂಥ ಶಿಬಿರ ಹೇಗೆ ನಡೆಯತ್ತೆ ಅಂತ ಎಲ್ಲರಿಗೂ ಗೊತ್ತು. ಮೊದಲು ಬಿಟ್ಟಿ ಝೂಮ್ ಕ್ಲಾಸು, ಆಮೇಲೆ ಮೂರು ದಿನದ ಕಾಸಿನ ಶಿಬಿರ, ಕೊನೇ ದಿನ ಊಟ ಆದ್ಮೇಲೆ ‘ಅಡ್ವಾನ್ಸ್ಡ್ ಲೆವೆಲ್’. ಇಲ್ಲೂ ಹಾಗೇ. ಮೊದಲ ದಿನ ಪರದೆ ಮೇಲೆ ಎರಡು ಸೀಳಿನ ಪ್ರಯೋಗ. ಎಲೆಕ್ಟ್ರಾನ್‌ಗಳನ್ನ ಎರಡು ಸೀಳಿನತ್ತ ಬಿಟ್ಟಾಗ, ನೋಡದಿದ್ರೆ ಅಲೆ ಥರ ಆಚೆ ಕಡೆ ಪಟ್ಟೆ ಪಟ್ಟೆ ಮೂಡಿಸ್ತವೆ, ನೋಡಿದ್ರೆ ಕಣ, ಪಟ್ಟೆ ಇಲ್ಲ. “ನೋಡೋರು ಯಾರು? ನೀವು! ನೀವೇ ಸಾಕ್ಷಿ! ಉಪನಿಷತ್ತು ಹೇಳಿದ್ದೂ ಇದನ್ನೇ.” ಚಪ್ಪಾಳೆಯೋ ಚಪ್ಪಾಳೆ.

ಮೋಸ ಇರೋದು ಆ ಒಂದು ಮಾತಲ್ಲೇ. ಪ್ರಯೋಗದಲ್ಲಿ ‘ನೋಡೋದು’ ಅಂದ್ರೆ ಕಣ್ಣೂ ಅಲ್ಲ, ಮನಸ್ಸೂ ಅಲ್ಲ. ಎಲೆಕ್ಟ್ರಾನ್ ಯಾವ ಸೀಳಲ್ಲಿ ಹೋಯ್ತು ಅನ್ನೋ ಗುರುತು ಡಿಟೆಕ್ಟರಲ್ಲೋ, ಒಂದು ಫೋಟಾನಲ್ಲೋ (ಬೆಳಕಿನ ಕಣ), ಒಳಗೆ ಉಳಿದಿರೋ ಗಾಳಿಯಲ್ಲೋ ಬಿದ್ರೆ ಸಾಕು, ಪಟ್ಟೆಗಳು ಅಳಿಸಿ ಹೋಗ್ತವೆ. ಲ್ಯಾಬಿಗೆ ಬೀಗ ಹಾಕ್ಕೊಂಡು ಎಲ್ಲರೂ ಮನೆಗೆ ಹೋಗಿದ್ರೂ ಅಳಿಸ್ತವೆ. ಅಳತೆ ಮುಗಿಯೋಕೆ ಪ್ರಜ್ಞೆ ಬೇಕು ಅಂತ 1961ರಲ್ಲಿ ಬರೆದ ಭೌತವಿಜ್ಞಾನಿ ವಿಗ್ನರ್, ಮುಂದೆ ತಾವೇ ಆ ವಾದ ಕೈಬಿಟ್ಟರು. ಶಿಬಿರದಲ್ಲಿ ಮೊದಲರ್ಧ ಮಾತ್ರ ಹೇಳ್ತಾರೆ. ಕ್ವಾಂಟಂ ಸಿದ್ಧಾಂತದ ಮೂಲ ಸಮೀಕರಣ ಕೊಟ್ಟ ಶ್ರೋಡಿಂಗರ್ ವೇದಾಂತ ಓದಿಕೊಂಡಿದ್ದು ನಿಜ, ಆದ್ರೆ ಅವರ ಸಮೀಕರಣದಲ್ಲಿ ವೇದಾಂತ ಹುಡುಕಿದ್ರೂ ಸಿಗಲ್ಲ. ಸತ್ತೂ ಬದುಕಿಯೂ ಒಟ್ಟಿಗೇ ಇರೋ ಬೆಕ್ಕು ಅಂತ ಹೆಸರಾದ ಕಥೆಯನ್ನ ಅವರು 1935ರಲ್ಲಿ ತಂದಿದ್ದು ‘ಇದೆಂಥ ಅಸಂಬದ್ಧ ನೋಡಿ’ ಅಂತ ತೋರಿಸೋಕೆ.

ವೇದಾಂತದ ಕಡೆಯಿಂದ ನೋಡಿದ್ರೆ ಇನ್ನೂ ಕೆಟ್ಟದು. ಅದ್ವೈತದ ಸಾಕ್ಷಿ, ಅಂದ್ರೆ ಒಳಗಿನ ಅರಿವು, ಅಕರ್ತ, ಏನನ್ನೂ ಮಾಡಲ್ಲ. ಬೆಳಗತ್ತೆ ಅಷ್ಟೇ, ಏನನ್ನೂ ಅಂಟಿಸಿಕೊಳ್ಳಲ್ಲ, ಬದಲಾಯಿಸಲ್ಲ. ಡಿಟೆಕ್ಟರು ಎಲೆಕ್ಟ್ರಾನಿನ ಜೊತೆ ತಳುಕು ಹಾಕ್ಕೊಂಡ್ರೇನೇ ಅದಕ್ಕೆ ಕೆಲಸ. ಎರಡೂ ಒಂದು ಹೇಗಾಗತ್ತೆ ಸ್ವಾಮಿ? ಮೋಕ್ಷ ಹುಟ್ಟಿಸೋ ವಸ್ತುವಲ್ಲ, ಹೋಗಿ ಪಡೆಯೋದಲ್ಲ, ಮಾರ್ಪಡಿಸಿ ಸಿಗೋದಲ್ಲ, ಸಂಸ್ಕಾರ ಮಾಡಿ ಬರೋದಲ್ಲ ಅಂತ ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದೊಂದಾಗಿ ತಳ್ಳಿಹಾಕಿದಾರೆ. ಶಿಬಿರದವರು “ಫ್ರೀಕ್ವೆನ್ಸಿ ಏರಿಸಿದ್ರೆ ಮೋಕ್ಷ” ಅಂತಾರೆ. ಎಷ್ಟು ಹರ್ಟ್ಸ್ ಅಂದಿದ್ದಕ್ಕೆ, “ಸರ್, ಅದು ಅಳತೆಗೆ ಸಿಗಲ್ಲ.”

ಮಾರನೇ ದಿನ ಅದನ್ನೇ ಅಳೆಯೋ ಮಿಷಿನ್ ತಂದಿಟ್ಟರು!

ಪುಸ್ತಕದಷ್ಟು ಡಬ್ಬಿ, ಲ್ಯಾಪ್‌ಟಾಪಿಗೆ ಯುಎಸ್‌ಬಿ ವೈರು, ಮುಷ್ಟಿಯಲ್ಲಿ ಹಿಡಿಯೋಕೆ ಒಂದು ಲೋಹದ ಕಡ್ಡಿ. ವಯಸ್ಸು, ಎತ್ತರ, ತೂಕ ತುಂಬಿಸಿ ಒಂದು ನಿಮಿಷ ಹಿಡಿದ್ರೆ ಏಳು ಚಕ್ರಕ್ಕೂ ಪರ್ಸೆಂಟೇಜ್. “ಅನಾಹತ 41 ಸರ್. ಬ್ಲಾಕ್ ಇದೆ.” ಅನಾಹತ ಅಂದ್ರೆ ಹೃದಯ ಚಕ್ರ. ಎದೆ ಧಸಕ್ ಅಂತು. ಅಂದಿದ್ದು ನಿಜ, ಅದೇ ನಾಚಿಕೆ.

ಕಾಫಿಗೆ ಬಿಟ್ಟಾಗ ಅದೇ ಕಡ್ಡಿಗೆ ಒದ್ದೆ ಕರ್ಚೀಫು ಸುತ್ತಿ, ಅದೇ ವಯಸ್ಸು ತೂಕ ಹಾಕಿ ಒತ್ತಿದ್ದಾಯ್ತು. ಅನಾಹತ 68. ಕರ್ಚೀಫಿಗೆ ಹೃದಯ ಚಕ್ರ, ಅದೂ ನನಗಿಂತ ಚೆನ್ನಾಗಿದೆ! ಅದೇ ಕರ್ಚೀಫು, ಇನ್ನೊಂದ್ಸಲ: 53. ಒಣ ಕರ್ಚೀಫು ಸುತ್ತಿದ್ರೆ “ಸೆನ್ಸರ್ ಸರಿಯಾಗಿ ಹಿಡಿಯಿರಿ.” ಅಂದ್ರೆ ಕಡ್ಡಿ ನೋಡ್ತಿರೋದು ಕರೆಂಟು ಹರಿಯತ್ತಾ ಇಲ್ವಾ ಅಂತ ಮಾತ್ರ. ಬೆವತ ಕೈಯೂ ಒದ್ದೆ ಬಟ್ಟೆಯೂ ಅದಕ್ಕೆ ಒಂದೇ. ಮಿಕ್ಕ ಅಂಕಿ ಎಲ್ಲಾ ಸಾಫ್ಟ್‌ವೇರಿನ ಹೊಟ್ಟೆಯಿಂದ.

ತೋರಿಸಿ ಕೇಳಿದ್ದಕ್ಕೆ ಬಂದ ಉತ್ತರ ನೋಡಿ. “ಕರ್ಚೀಫಲ್ಲಿ ನಿಮ್ಮ ಎನರ್ಜಿ ಇತ್ತು ಸರ್.” ಸರಿ, 68 ಇದ್ದದ್ದು 53 ಯಾಕಾಯ್ತು? “ನಿಮ್ಮ ಸಂಶಯ ಫೀಲ್ಡನ್ನ ಕೊಲ್ಯಾಪ್ಸ್ ಮಾಡ್ತು.” ದುಡ್ಡು ವಾಪಸ್ ಕೊಡಿ. “ಎನರ್ಜಿ ಎಕ್ಸ್‌ಚೇಂಜ್ ಆಗಿಹೋಗಿದೆ ಸರ್, ರಿಫಂಡ್ ಬರಲ್ಲ.” ರಿಫಂಡ್ ಬರಲ್ಲ! ಎಲ್ಲರೂ ಎಂಟ್ಯಾಂಗಲ್ ಆಗಿದೀವಿ, ಅಂದ್ರೆ ದೂರದ ಕಣಗಳ ಥರ ಒಬ್ಬರಿಗೊಬ್ಬರು ಹೆಣೆದುಕೊಂಡಿದೀವಿ ಅಂದವರೇ ಸಂಜೆಗೆ ನನ್ನನ್ನ ವಾಟ್ಸಾಪ್ ಗ್ರೂಪಿಂದ ತೆಗೆದುಹಾಕಿದ್ರು. (ಅಂದ ಹಾಗೆ, ಎಂಟ್ಯಾಂಗಲ್‌ಮೆಂಟಿನಿಂದ ದೂರಕ್ಕೆ ಒಂದಕ್ಷರ ಸಂದೇಶವನ್ನೂ ಕಳಿಸೋಕಾಗಲ್ಲ. ‘ದೂರದಿಂದಲೇ ಹೀಲಿಂಗ್’ ಅಂತ ಬೇರೆ ರೇಟು ಇಟ್ಟಿದಾರೆ, ಅದನ್ನೂ ಕಟ್ಟಬೇಡಿ.)

ಮಿಷಿನ್ ದುಡ್ಡು ತಿನ್ನತ್ತೆ ಅಷ್ಟೇ, ಪೆಂಡೆಂಟ್ ವಿಷಯ ಹಾಗಲ್ಲ. ಮೂರನೇ ದಿನ ‘ನೆಗೆಟಿವ್ ಅಯಾನ್’ (ಋಣ ವಿದ್ಯುತ್ತಿನ ಕಣ) ಸೂಸತ್ತೆ ಅಂತ ಕೊರಳಿಗೆ ಹಾಕೋ ಕಪ್ಪು ಬಿಲ್ಲೆ ಮಾರಿದ್ರು, ಹಗಲೂ ರಾತ್ರಿ ಎದೆ ಮೇಲೆ ಇರಬೇಕಂತೆ. 2021ರ ಡಿಸೆಂಬರಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ, ಪೆಂಡೆಂಟು, ಬಳೆ, ನಿದ್ರೆಯ ಕಣ್ಣುಪಟ್ಟಿ ಅಂತ ಇಂಥ 10 ಸರಕು ವಿಕಿರಣ ಸೂಸ್ತಿವೆ, ಹಾಕ್ಕೋಬೇಡಿ ಅಂತ ಎಚ್ಚರಿಸಿತ್ತು. ಅಯಾನು ಬರಲಿ ಅಂತ ವಿಕಿರಣ ಸೂಸೋ ಥೋರಿಯಂ ಇರೋ ಖನಿಜದ ಪುಡಿ ಬೆರೆಸಿದ್ರೆ ವಿಕಿರಣ ಬರದೆ ಇನ್ನೇನು ಬರತ್ತೆ? ಎಲ್ಲಾ ಬಿಲ್ಲೆಯಲ್ಲೂ ಇರತ್ತೆ ಅಂತಲ್ಲ, ಯಾವುದರಲ್ಲಿ ಇದೆ ಅಂತ ಕಣ್ಣಲ್ಲಿ ನೋಡಿ ಗೊತ್ತಾಗಲ್ಲ. ಮಕ್ಕಳ ಕೊರಳಿಗಂತೂ ಬೇಡ್ವೇ ಬೇಡ.

ಈಗಾಗಲೇ ಕಟ್ಟಿದ್ರೆ ಯುಪಿಐ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಅವರ ಮೆಸೇಜು ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ; ಎರಡು ವರ್ಷದೊಳಗೆ ದೂರು ಹಾಕಬೇಕು, ಕೊಟ್ಟ ಮೊತ್ತ 5 ಲಕ್ಷ ದಾಟದಿದ್ರೆ ಶುಲ್ಕ ಇಲ್ಲ. ನನ್ನ ಅರ್ಜಿ ಬರೆದಾಗಿದೆ. ದುಡ್ಡು ಬಂದ್ರೆ ಬರಲಿ, ಬಿಟ್ರೆ ಬಿಡಲಿ, ಆ ಡಬ್ಬಿ ಆಯೋಗದ ಮೇಜಿನ ಮೇಲೆ ಕೂರಬೇಕು. ಕರ್ಚೀಫು ನಾನೇ ಒದ್ದೆ ಮಾಡಿ ತರ್ತೀನಿ.