ರೆಕ್ಟರ್ ಒಳ್ಳೆಯದೇ, ಆದರೆ ಒಂದು ನಿಯಮವನ್ನು ಮೊದಲು ಆಫ್ ಮಾಡಿ

ವರ್ಡ್‌ಪ್ರೆಸ್ ಬರೆದಿರುವ ಭಾಷೆ ಪಿಎಚ್‌ಪಿ. ಅದರ 7.4ನೇ ಆವೃತ್ತಿಗೆ ಭದ್ರತಾ ಅಪ್‌ಡೇಟ್ ನಿಂತದ್ದು 2022ರ ನವೆಂಬರ್‌ನಲ್ಲಿ. ಹಳೇ ವರ್ಡ್‌ಪ್ರೆಸ್ ಪ್ಲಗಿನ್‌ಗಳನ್ನು 8ರ ಸಾಲಿಗೆ ಏರಿಸಲು ನಾನು ನೆಚ್ಚಿಕೊಂಡಿರುವುದು ರೆಕ್ಟರ್ ಅನ್ನು, ಅಂದರೆ ಪಿಎಚ್‌ಪಿ ಕೋಡನ್ನು ನಿಯಮಗಳ ಪ್ರಕಾರ ತಾನೇ ತಿದ್ದುವ ಉಪಕರಣವನ್ನು. ದುಡ್ಡು ಕೊಡಬೇಕಿಲ್ಲ, ಎಂಐಟಿ ಎಂಬ ಮುಕ್ತ ಲೈಸೆನ್ಸ್. ಇನ್‌ಸ್ಟಾಲ್ ಮಾಡುವ ಕ್ರಮ ಎಲ್ಲರಿಗೂ ಸಿಗುತ್ತದೆ, ಇಲ್ಲಿ ಬೇಡ.

ಖುಷಿ ಕೊಡುವುದು ಅದರ ಡ್ರೈ ರನ್. ಫೈಲ್ ಮುಟ್ಟದೆ, ಯಾವ ಸಾಲು ಹೋಗಿ ಯಾವುದು ಬರುತ್ತದೆ ಎಂದು ತೋರಿಸಿ, ಆ ಬದಲಾವಣೆ ಯಾವ ನಿಯಮದ್ದು ಎಂದು ಆ ಹೋಲಿಕೆಯ (ಡಿಫ್) ಕೆಳಗೇ ಹೆಸರು ಬರೆಯುತ್ತದೆ. ಒಂದು ಸಲಕ್ಕೆ ಒಂದೇ ನಿಯಮ ಆನ್ ಮಾಡಿ, ಡಿಫ್ ಓದಿ, ಓಡಿಸಿ. ಬಳಿಕ ಕೋಡಿನ ಜೋಡಣೆ ಸರಿಪಡಿಸುವ ಕೋಡಿಂಗ್ ಸ್ಟ್ಯಾಂಡರ್ಡ್ ಫಿಕ್ಸರ್ ಒಮ್ಮೆ ಹಾಯಿಸಿ, ಏಕೆಂದರೆ ಮುಟ್ಟಿದ ಜಾಗದಲ್ಲಿ ಸ್ಪೇಸ್, ಸಾಲು ಮುರಿಯುವಿಕೆ ಎಲ್ಲ ರೆಕ್ಟರ್‌ನ ಇಷ್ಟದಂತೆ ಆಗಿರುತ್ತದೆ. ಕೊನೆಗೆ ನಿಯಮದ ಹೆಸರನ್ನೇ ಸಂದೇಶವಾಗಿಟ್ಟು ಗಿಟ್‌ನಲ್ಲಿ ಕಮಿಟ್ ಮಾಡಿ. ಹೀಗೆ ಮಾಡಿಟ್ಟರೆ ಮುಂದೆಂದೋ ಏನಾದರೂ ಮುರಿದಾಗ ದೋಷ ಯಾವ ಕಮಿಟ್‌ನಿಂದ ಬಂತೆಂದು ಹುಡುಕುವ ಗಿಟ್ ಬೈಸೆಕ್ಟ್ ನೇರ ತಪ್ಪಿತಸ್ಥ ನಿಯಮಕ್ಕೇ ಕರೆದೊಯ್ಯುತ್ತದೆ.

ಕ್ರಿಯೇಟ್ ಫಂಕ್ಷನ್ ಅನ್ನು ಕ್ಲೋಶರ್ (ಹೆಸರಿಲ್ಲದ ಫಂಕ್ಷನ್) ಮಾಡುವುದು, ಈಚ್ ಬಳಸಿದ ಲೂಪ್‌ಗಳನ್ನು ಫೋರೀಚ್‌ಗೆ ತಿರುಗಿಸುವುದು, 8.2ರಲ್ಲಿ ಡಿಪ್ರಿಕೇಟ್ ಆದ (ಇನ್ನು ಬಳಸಬೇಡಿ ಎಂದು ಎಚ್ಚರಿಸುವ) ಡೈನಾಮಿಕ್ ಪ್ರಾಪರ್ಟಿಗಳನ್ನು ಕ್ಲಾಸಿನ ಮೇಲ್ಭಾಗದಲ್ಲಿ ಘೋಷಿಸುವುದು, ಇವೆಲ್ಲ ಕಣ್ಣುಮುಚ್ಚಿ ಒಪ್ಪಬಹುದಾದಷ್ಟು ಅಚ್ಚುಕಟ್ಟು. ಡೀಫಾಲ್ಟ್ ಆಗಿ ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಇರುವ ಆರ್ಗ್ಯುಮೆಂಟಿನ ಟೈಪ್‌ನ ಎಡಕ್ಕೆ 8.4ಕ್ಕೆ ಬೇಕಾದ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿಕೊಡುತ್ತದೆ. ಆ ಬರಹ 7.1ರಿಂದಲೇ ನಡೆಯುವುದರಿಂದ ಹಳೇ ಸರ್ವರ್‌ಗೂ ತೊಂದರೆಯಿಲ್ಲ.

ಹಳೇ ಸರ್ವರ್ ಎಂದೆನಲ್ಲ, ಪ್ಲಗಿನ್ ಬರೆಯುವವರು ಎಡವುವುದೇ ಅಲ್ಲಿ. ಅಪ್ಲಿಕೇಶನ್ ಆದರೆ ಸರ್ವರ್ ನಮ್ಮದು. ಪ್ಲಗಿನ್ ಓಡುವುದು ಯಾರದೋ ಸರ್ವರ್‌ನಲ್ಲಿ. 8.2ರ ಸೆಟ್ (ಆ ಆವೃತ್ತಿವರೆಗಿನ ನಿಯಮಗಳ ಕಟ್ಟು) ಅನ್ನು ಇಡಿಯಾಗಿ ಆನ್ ಮಾಡಿದರೆ ರೆಕ್ಟರ್ ದೋಷ ತೆಗೆಯುವುದರ ಜೊತೆಗೆ ಕೋಡನ್ನು ಹೊಸ ಶೈಲಿಗೂ ತಿರುಗಿಸುತ್ತದೆ: ಕನ್‌ಸ್ಟ್ರಕ್ಟರ್ ಪ್ರೊಮೋಷನ್, ಮ್ಯಾಚ್, ರೀಡ್‌ಓನ್ಲಿ. 7.4ರಲ್ಲಿ ಅದು ಪಾರ್ಸ್ ಎರರ್, ಅಂದರೆ ಪಿಎಚ್‌ಪಿಗೆ ಕೋಡ್ ಓದಲೇ ಆಗದು, ಇಡೀ ಸೈಟ್ ಮಕಾಡೆ. ಹಾಗಾಗಿ ಸೆಟ್ ಅನ್ನು 7.4ಕ್ಕೇ ನಿಲ್ಲಿಸಿ, ಮೇಲಿನವುಗಳಿಂದ ಬೇಕಾದ ನಿಯಮಗಳನ್ನು ಒಂದೊಂದಾಗಿ ಸೇರಿಸಿಕೊಳ್ಳಬೇಕು. ಸ್ಟ್ರಿಂಗ್ ಕಂಟೇನ್ಸ್‌ನಂಥ ಫಂಕ್ಷನ್ ಇದಕ್ಕೆ ಹೊರತು. ವರ್ಡ್‌ಪ್ರೆಸ್ 5.9ರಿಂದ ಅದರ ಪಾಲಿಫಿಲ್ (ಹಳೇ ಪಿಎಚ್‌ಪಿಗೆಂದು ಬರೆದ ಬದಲಿ ಕೋಡ್) ಕೋರ್‌ನಲ್ಲೇ, ಅಂದರೆ ವರ್ಡ್‌ಪ್ರೆಸ್‌ನ ಮೂಲ ಕೋಡ್‌ನಲ್ಲೇ ಇದೆ.

ಇಲ್ಲಿಯವರೆಗೆ ಸರಿ. ತಲೆ ಕೆಡಿಸುವುದು 8.1ರ ಸೆಟ್‌ನಲ್ಲಿರುವ ನಲ್-ಟು-ಸ್ಟ್ರಿಕ್ಟ್-ಸ್ಟ್ರಿಂಗ್ ನಿಯಮ. ಟ್ರಿಮ್, ಸ್ಟ್ರಿಂಗ್ ಲೆಂತ್‌ನಂಥ ಫಂಕ್ಷನ್‌ಗೆ ನಲ್ ಕೊಡುವುದು 8.1ರಿಂದ ಡಿಪ್ರಿಕೇಟೆಡ್. ಒಳಗೆ ಹೋಗುವ ಬೆಲೆಯ ಟೈಪ್ ಗೊತ್ತಾಗದ ಕಡೆಯೆಲ್ಲ ರೆಕ್ಟರ್ ಆ ಬೆಲೆಯ ಎಡಕ್ಕೆ ಒಂದು ಸ್ಟ್ರಿಂಗ್ ಕಾಸ್ಟ್ (ಏನಿದ್ದರೂ ಪಠ್ಯವಾಗಿಸುವ ಗುರುತು) ಅಂಟಿಸುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ ಓದುವ ಗೆಟ್ ಆಪ್ಶನ್ ಏನು ಬೇಕಾದರೂ ಹಿಂದಿರುಗಿಸಬಹುದು, ಅಂದಮೇಲೆ ಕಾಸ್ಟ್ ಇಲ್ಲದ ಫೈಲೇ ಉಳಿಯುವುದಿಲ್ಲ. ಗಾಯ ನೋಡದೆ ಪಟ್ಟಿ ಸುತ್ತಿದ ಹಾಗೆ.

ಕೋಡ್ ಅಂದಗೆಡುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪೋಸ್ಟ್‌ನ ಹೆಚ್ಚುವರಿ ಮಾಹಿತಿ ಓದುವ ಗೆಟ್ ಪೋಸ್ಟ್ ಮೆಟಾಗೆ ಮೂರನೇ ಆರ್ಗ್ಯುಮೆಂಟಾಗಿ ಟ್ರೂ ಕೊಡದಿದ್ದರೆ ಬರುವುದು ಅರೇ, ಅಂದರೆ ಬೆಲೆಗಳ ಪಟ್ಟಿ. ಅದನ್ನು ಟ್ರಿಮ್‌ಗೆ ಕೊಟ್ಟರೆ ಪಿಎಚ್‌ಪಿ 8 ಟೈಪ್‌ಎರರ್ ಎಸೆದು ಅಲ್ಲೇ ನಿಲ್ಲುತ್ತದೆ, ನಿಲ್ಲಲೂಬೇಕು. ನಡುವೆ ಕಾಸ್ಟ್ ಬಂದರೆ ಅರೇ ಎಂಬ ಐದು ಇಂಗ್ಲಿಷ್ ಅಕ್ಷರಗಳ ಸ್ಟ್ರಿಂಗ್ ತಯಾರಾಗಿ, ಒಂದು ವಾರ್ನಿಂಗ್ ಮಾತ್ರ ಲಾಗ್‌ಗೆ ಹೋಗಿ, ಆ ಪದ ಡೇಟಾಬೇಸ್‌ಗೆ ಸೇವ್ ಆಗುತ್ತದೆ. ಗ್ರಾಹಕರ ವಿಳಾಸ ಇರಬೇಕಾದ ಕಡೆ ಅದು ಕೂತಿರುವುದು ಕಣ್ಣಿಗೆ ಬೀಳುವಷ್ಟರಲ್ಲಿ ಹಳೇ ಬ್ಯಾಕಪ್‌ಗಳೂ ಹೋಗಿರುತ್ತವೆ.

ಆದ್ದರಿಂದ ರೆಕ್ಟರ್ ಬಿಟ್ಟುಬಿಡಬೇಕಾದ ನಿಯಮಗಳ ವಿತ್‌ಸ್ಕಿಪ್ ಪಟ್ಟಿಯಲ್ಲಿ ಮೊದಲು ಈ ನಿಯಮ ಹಾಕಿ. ನಲ್ ಬರುವ ಜಾಗಗಳನ್ನು ಕೈಯಾರೆ ನೋಡಿ: ಮೆಟಾ ಆದರೆ ಟ್ರೂ ಸೇರಿಸಿ, ನಿಜಕ್ಕೂ ಬೆಲೆ ಇಲ್ಲದಿರಬಹುದಾದರೆ ಎರಡು ಪ್ರಶ್ನಾರ್ಥಕ ಚಿಹ್ನೆಯ ಆಪರೇಟರ್ ಹಾಕಿ ಖಾಲಿ ಸ್ಟ್ರಿಂಗ್ ಕೊಡಿ.

ಕೆಲವು ನಲ್‌ಗಳು ರೆಕ್ಟರ್‌ನ ಕಣ್ಣಿಗೂ ಬೀಳುವುದಿಲ್ಲ. ಮೆನುವಿನಲ್ಲಿ ಕಾಣದ ಪುಟಕ್ಕೆಂದು ಆ್ಯಡ್ ಸಬ್‌ಮೆನು ಪೇಜ್‌ನ ಮೊದಲ ಆರ್ಗ್ಯುಮೆಂಟ್ ಆಗಿ ನಲ್ ಕೊಡುವುದು ಹಳೇ ರೂಢಿ. ಅದರ ದೂರು ಬರುವುದು ಕೋರ್‌ನ ಫೈಲ್ ಹೆಸರಿನಲ್ಲಿ, ತಪ್ಪು ಮಾತ್ರ ಪ್ಲಗಿನ್‌ನದು. ನಲ್ ಬದಲು ಖಾಲಿ ಸ್ಟ್ರಿಂಗ್ ಕೊಟ್ಟರೆ ಮುಗಿಯಿತು.

ಫಂಕ್ಷನ್‌ಗಳಿಗೆ ಟೈಪ್ ಬರೆದುಕೊಡುವ ಟೈಪ್ ಡಿಕ್ಲರೇಶನ್ ಸೆಟ್ ಬಗ್ಗೆಯೂ ಒಂದು ಮಾತು. ಫಿಲ್ಟರ್ ಕಾಲ್‌ಬ್ಯಾಕ್‌ಗಳ (ಪ್ಲಗಿನ್‌ಗಳು ಸರದಿಯಲ್ಲಿ ಒಂದು ಬೆಲೆಯನ್ನು ಪಡೆದು, ತಿದ್ದಿ, ಹಿಂದಿರುಗಿಸುವ ಫಂಕ್ಷನ್‌ಗಳ) ಹತ್ತಿರ ಅದನ್ನು ಬಿಡಬೇಡಿ. ಸರದಿಯಲ್ಲಿ ನಮಗಿಂತ ಮುಂದಿರುವ ಇನ್ನೊಂದು ಪ್ಲಗಿನ್ ರಿಟರ್ನ್ ಮರೆತರೆ ನಮಗೆ ಬರುವುದು ನಲ್, ಮತ್ತು ಫೇಟಲ್ ಎರರ್‌ನಲ್ಲಿ ಕಾಣುವುದು ನಮ್ಮ ಹೆಸರು.

ಇಷ್ಟಾದರೂ ರೆಕ್ಟರ್ ಬಿಡಲಾರೆ. ಸಾವಿರಾರು ಸಾಲನ್ನು ಕೈಯಲ್ಲಿ ತಿದ್ದುವ ತಾಳ್ಮೆ ನನಗಿಲ್ಲ, ಟೆಸ್ಟ್ ಬರೆದಿಟ್ಟ ಪ್ಲಗಿನ್‌ಗಳು ಕೈಗೆ ಸಿಗುವುದೂ ಅಪರೂಪ. ರೆಕ್ಟರ್‌ನ ಕೆಲಸ ಮುಗಿದ ಮೇಲೆ ಡಿಬಗ್ ಲಾಗ್ ಆನ್ ಮಾಡಿ, ದೋಷಗಳನ್ನು ಪರದೆಯ ಮೇಲೆ ತೋರಿಸುವುದನ್ನು ಆಫ್ ಮಾಡಿ, ಪ್ಲಗಿನ್‌ನ ಪ್ರತಿ ಅಡ್ಮಿನ್ ಪುಟ, ಅಜಾಕ್ಸ್ ಕರೆ, ಕ್ರಾನ್ ಕೆಲಸ ಎಲ್ಲವನ್ನೂ 7.4ರಲ್ಲೂ ಹೊಸ ಆವೃತ್ತಿಯಲ್ಲೂ ಓಡಿಸಿ ನೋಡಿ. ಅನ್‌ಇನ್‌ಸ್ಟಾಲ್ ಫೈಲನ್ನೂ ಬಿಡಬೇಡಿ, ಅದನ್ನು ಯಾರೂ ಓಡಿಸಿ ನೋಡಿರುವುದಿಲ್ಲ.